ಪಿಕಪ್‌ನ ಹಿಂಬದಿ ಕುಣಿಯುತ್ತಿದೆಯೇ? ಹೊಸ ಶಾಕ್ಸ್ ಕೊಳ್ಳುವ ಮುನ್ನ ದೋಷ ಹುಡುಕುವ ಬಗೆ

ಟೊಮೆಟೊ ಸೀಸನ್ನು ಜೋರಾಗಿದ್ದ ಹೊತ್ತು. ಮುಳಬಾಗಿಲು ಕಡೆಯ ರೈತರೊಬ್ಬರು ಕೋಲಾರದ ಮಂಡಿಯಲ್ಲಿ ಮಾಲು ಇಳಿಸಿ, ಖಾಲಿ ಗಾಡಿಯನ್ನು ನೇರ ನಮ್ಮ ಶೆಡ್ಡಿಗೆ ತಂದರು. ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಲ್ಲ ಫೋರ್ ಬೈ ಫೋರ್ ಪಿಕಪ್ಪು, ಹಿಂದೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್), ಮುಂದೆ ಸ್ಪ್ರಿಂಗಿನಂತೆ ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್. "ಹಿಂದಿನ ಶಾಕ್ಸು ಮತ್ತೆ ಹೋಯ್ತು. ಒಂದೂವರೆ ವರ್ಷದಲ್ಲಿ ಇದು ಮೂರನೇ ಜೊತೆ. ಇರೋದ್ರಲ್ಲೇ ಗಟ್ಟಿ ಯಾವುದೋ ಅದನ್ನ ಹಾಕ್ಬಿಡಿ" ಅಂದರು.

ಕೆಳಗೆ ತೂರಿ ನೋಡಿದೆ. ಎಡಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆಯಲ್ಲಿ ತೊಯ್ದಿತ್ತು. ಬಲಗಡೆಯದರ ಮೇಲಿನ ರಬ್ಬರ್ ಬುಶ್ ಹರಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಹೊಸ ಜೊತೆ ಹಾಕಿ ಕಳಿಸಲು ಒಂದು ಗಂಟೆ ಸಾಕು. ಹಾಗೆ ಕಳಿಸಿದ್ದರೆ ಮುಂದಿನ ಸೀಸನ್ನಿಗೆ ನಾಲ್ಕನೇ ಜೊತೆಗೆ ಬರುತ್ತಿದ್ದರು. ಆ ಶಾಕ್ಸ್‌ಗಳನ್ನು ಕೊಲ್ಲುತ್ತಿದ್ದದ್ದು ಗಾಡಿಯ ಬೇರೆ ಭಾಗ. ಅದೇನು, ಹೇಗೆ ಸಿಕ್ಕಿತು ಎಂಬುದನ್ನು ಅಳತೆಯ ಮಾತು ಬಂದಾಗ ಹೇಳುತ್ತೇನೆ.

ಇದನ್ನು ಬರೆಯುತ್ತಿರುವುದು ಇಂಥ ಗಾಡಿ ಇಟ್ಟುಕೊಂಡವರಿಗಾಗಿ. ಡಿ-ಮ್ಯಾಕ್ಸ್ ವಿ-ಕ್ರಾಸ್, ಹೈಲಕ್ಸ್, ಹಳೆಯ ಜೆನಾನ್, ಸ್ಕಾರ್ಪಿಯೊ ಗೆಟ್‌ಅವೇ, ಕ್ಯಾಂಪರ್, ಯಾವುದೇ ಇರಲಿ. ಹೆಚ್ಚು ದುಡ್ಡು ಕೊಟ್ಟು ತಪ್ಪು ಶಾಕ್ ಹಾಕಿಸಿಕೊಂಡು, ಗಾಡಿ ಮೊದಲಿಗಿಂತ ಕೆಟ್ಟದಾಗಿ ಎತ್ತಿಹಾಕುವುದನ್ನು ಸಹಿಸಿಕೊಂಡು ಓಡಿಸುವವರನ್ನು ಬಹಳ ಜನ ನೋಡಿದ್ದೇನೆ.

ಶಾಕ್ ಭಾರ ಹೊರುವುದಿಲ್ಲ

"ಲೋಡ್ ಹಾಕಿದರೆ ಹಿಂದೆ ಕೂತ್ಕೊಳ್ಳುತ್ತೆ, ಗಟ್ಟಿ ಶಾಕ್ಸ್ ಹಾಕಿ" ಎನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ಭಾರ ಹೊರುವುದು ಕಮಾನು ಪಟ್ಟಿ, ಕಾಯಿಲ್ ಸ್ಪ್ರಿಂಗು ಅಥವಾ ಟಾರ್ಷನ್ ಬಾರು. ಅಮುಕಿದ ಪಟ್ಟಿ ಮತ್ತೆ ಚಿಮ್ಮುತ್ತದಲ್ಲ, ಆ ಚಿಮ್ಮುವಿಕೆಯನ್ನು ಹಿಡಿದು ತಣಿಸುವುದಷ್ಟೇ ಶಾಕ್‌ನ ಕೆಲಸ. ಒಳಗೆ ಎಣ್ಣೆಯಲ್ಲಿ ಒಂದು ಪಿಸ್ಟನ್ ಓಡಾಡುತ್ತದೆ. ಅದರ ಸಣ್ಣ ತೂತುಗಳಲ್ಲಿ, ತೆಳು ಬಿಲ್ಲೆಗಳ ಸಂದಿಯಲ್ಲಿ ಎಣ್ಣೆ ನುಗ್ಗುವಾಗ ಚಲನೆ ಶಾಖವಾಗಿ ಬದಲಾಗುತ್ತದೆ. ಪಿಸ್ಟನ್ ಎಷ್ಟು ವೇಗವಾಗಿ ಓಡಿದರೆ ತಡೆ ಅಷ್ಟು ಹೆಚ್ಚು. ಗಾಡಿ ನಿಂತಿದ್ದಾಗ ಪಿಸ್ಟನ್ನೂ ನಿಂತಿರುತ್ತದೆ, ಆಗ ಎಣ್ಣೆಯಿಂದ ಯಾವ ತಡೆಯೂ ಇಲ್ಲ.

ಗ್ಯಾಸ್ ಶಾಕ್ ಸ್ವಲ್ಪ ಎತ್ತುತ್ತದಲ್ಲ ಎಂದು ಕೇಳುತ್ತಾರೆ. ಎತ್ತುತ್ತದೆ, ಎಷ್ಟು ಎಂದು ಲೆಕ್ಕ ಹಾಕೋಣ. ಒಂದೇ ಕೊಳವೆಯಲ್ಲಿ ಎಣ್ಣೆ, ಗ್ಯಾಸ್ ಎರಡೂ ಇರುವ ಮೊನೊಟ್ಯೂಬ್ ಶಾಕ್‌ನಲ್ಲಿ ನೈಟ್ರೋಜನ್ ಒತ್ತಡ 20 ಬಾರ್ ಎಂದು ಹಿಡಿಯಿರಿ. ರಾಡು 14 ಮಿ.ಮೀ. ದಪ್ಪವಿದ್ದರೆ ಅದರ ಅಡ್ಡಕೊಯ್ತದ ವಿಸ್ತಾರ ಸುಮಾರು 1.5 ಚದರ ಸೆಂ.ಮೀ. ಅಂದರೆ ರಾಡನ್ನು ಹೊರದಬ್ಬುವ ಬಲ ಸುಮಾರು 30 ಕೆ.ಜಿ. ರಾಡು 18 ಮಿ.ಮೀ. ಇದ್ದರೆ 50 ಕೆ.ಜಿ. ಎರಡೂ ಕಡೆ ಸೇರಿದರೂ 60ರಿಂದ 100 ಕೆ.ಜಿ. ಕೋಲಾರದ ಟೊಮೆಟೊ ಬಾಕ್ಸು 15 ಕೆ.ಜಿ. ಲೆಕ್ಕ. 60 ಬಾಕ್ಸು ಹೇರಿದರೆ ಹಣ್ಣೇ 900 ಕೆ.ಜಿ., ಕ್ರೇಟಿನ ತೂಕ ಬೇರೆ. ಆರೇಳು ಬಾಕ್ಸಿನ ಭಾರ ಎತ್ತಬಲ್ಲ ಸಾಧನದಿಂದ 60 ಬಾಕ್ಸು ಎತ್ತಿಸಲು ಹೊರಟರೆ ಏನಾಗುತ್ತದೆ ಎಂದು ಈ ಲೆಕ್ಕವೇ ಹೇಳುತ್ತದೆ.

ಹಾಗಾಗಿ ಗಾಡಿ ಲೋಡಿನಲ್ಲಿ ಕೂರುತ್ತಿದೆ ಎಂದರೆ ಪಟ್ಟಿ ನೋಡಿ. ಪಟ್ಟಿಯ ಬಾಗು ಹೋಗಿ ಚಪ್ಪಟೆಯಾಗಿರಬಹುದು, ಎರಡನೆಯದೋ ಮೂರನೆಯದೋ ಮುರಿದಿರಬಹುದು. ಅಥವಾ ಪಟ್ಟಿ ಸರಿಯಾಗಿದ್ದು ನಾವೇ ಮಿತಿ ಮೀರಿ ಹೇರುತ್ತಿರಬಹುದು. ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಒಂದರಿಂದ ಇನ್ನೊಂದನ್ನು ಕಳೆಯಿರಿ, ಅದರಲ್ಲಿ ಕೂರುವ ಜನರ ತೂಕವನ್ನೂ ಕಳೆಯಿರಿ. ಉಳಿದದ್ದು ಎಷ್ಟು ಬಾಕ್ಸು ಎಂದು ಒಮ್ಮೆ ನೋಡಿ. ಡಬಲ್ ಕ್ಯಾಬಿನ ಕೆಲವು ಗಾಡಿಗಳಲ್ಲಿ ಆ ಸಂಖ್ಯೆ ಬಹಳ ಸಣ್ಣದು.

ಕುಣಿತವೋ, ಹೊಡೆತವೋ, ಸದ್ದೋ

ಮೊದಲು ದೂರನ್ನು ಬಿಡಿಸಿಕೊಳ್ಳಬೇಕು. "ಶಾಕ್ ಹೋಗಿದೆ" ಎನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ.

ಹಂಪ್ ದಾಟಿದ ಮೇಲೂ ಹಿಂಬದಿ ಎರಡು ಮೂರು ಸಲ ಏಳುತ್ತಾ ಇಳಿಯುತ್ತಾ ಹೋದರೆ ಅದು ಕುಣಿತ. ಇದು ನಿಜವಾಗಿ ಶಾಕ್‌ನ ಲಕ್ಷಣ. ಕಾರಿಗೆ ಮಾಡುವಂತೆ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಖಾಲಿ ಪಿಕಪ್ಪಿಗೆ ಸಾಲದು. ಗಟ್ಟಿ ಪಟ್ಟಿ ಕೈ ಒತ್ತಿಗೆ ಅಲುಗುವುದೇ ಇಲ್ಲ, ಮೇಲಾಗಿ ಪಟ್ಟಿಗಳ ನಡುವಿನ ಉಜ್ಜುವಿಕೆಯೇ ಸಣ್ಣ ಅಲುಗಾಟವನ್ನು ತಿಂದುಹಾಕುತ್ತದೆ. ಅದರ ಬದಲು 20 ಬಾಕ್ಸಿನಷ್ಟು, ಅಂದರೆ 300 ಕೆ.ಜಿ. ಹಾಕಿಕೊಂಡು ಊರ ಮುಂದಿನ ಹಂಪಿನ ಮೇಲೆ 15-20 ಕಿ.ಮೀ. ವೇಗದಲ್ಲಿ ಒಬ್ಬರು ಓಡಿಸಲಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಹಿಂದಿನ ಚಕ್ರವನ್ನು ಫೋನಿನಲ್ಲಿ ಸ್ಲೋ ಮೋಷನ್ ಹಿಡಿಯಲಿ. ಒಮ್ಮೆ ಎದ್ದು ಕೂತರೆ ಶಾಕ್ ಜೀವಂತವಾಗಿದೆ. ಎರಡನೇ ಸಲ ಎದ್ದರೆ ದಣಿದಿದೆ. ಚಕ್ರ ನೆಲ ಬಿಟ್ಟು ಪಟಪಟ ಹೊಡೆದರೆ ಸತ್ತಿದೆ. ಎಡ ಬಲ ಎರಡೂ ಕಡೆಯಿಂದ ಹಿಡಿಯಿರಿ, ಒಂದೇ ಕಡೆ ಹೋಗಿರುವುದೇ ಹೆಚ್ಚು.

ಹಂಪಿನ ಮೇಲೆ ಬೆನ್ನುಮೂಳೆಗೆ ಬಡಿದಂತೆ ಆಗುವುದು ಹೊಡೆತ. ಇದಕ್ಕೆ ಶಾಕ್ ಮೆತ್ತಗಾಗಿದೆ ಎಂದು ಇನ್ನೂ ಗಟ್ಟಿ ಹಾಕಿಸಿಕೊಂಡವರು ನನಗೆ ಗೊತ್ತು, ಅವರ ಸೊಂಟ ನೋವು ಜಾಸ್ತಿಯೇ ಆಯಿತು. ಮೊದಲು ಟೈರಿನ ಗಾಳಿ ನೋಡಿ. ಲೋಡಿಗೆಂದು ತುಂಬಿಸಿದ ಗಾಳಿಯಲ್ಲೇ ಖಾಲಿ ಓಡಿಸಿದರೆ ಯಾವ ಶಾಕ್ ಹಾಕಿದರೂ ಗಾಡಿ ಕಲ್ಲಿನಂತೆ ಇರುತ್ತದೆ. ಬಾಗಿಲ ಕಂಬದ ಮೇಲಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಎಂದು ಬರೆದಿರುತ್ತದೆ. ಆಮೇಲೆ ಬಂಪ್ ಸ್ಟಾಪ್ ನೋಡಿ. ಚಾಸಿಯ ಕೆಳಗೆ, ಆಕ್ಸಲ್‌ನ ನೆತ್ತಿಗೆ ಎದುರಾಗಿ ಇರುವ ಆ ರಬ್ಬರ್ ಗುಬಟೆ ಎಷ್ಟೋ ಹಳೆಯ ಗಾಡಿಗಳಲ್ಲಿ ಉದುರಿಹೋಗಿರುತ್ತದೆ. ಅದಿಲ್ಲದಿದ್ದರೆ ಆಕ್ಸಲ್ ಪೂರ್ತಿ ಮೇಲೆ ಬಂದಾಗ ಹೊಡೆತವನ್ನು ಶಾಕ್‌ನ ಪಿಸ್ಟನ್ನೇ ತಿನ್ನಬೇಕಾಗುತ್ತದೆ. ಅದು ಅದಕ್ಕಾಗಿ ಮಾಡಿದ್ದಲ್ಲ, ತಳ ಬಡಿದು ಒಳಗಿನ ವಾಲ್ವ್ ಒಡೆಯುತ್ತದೆ. ಸಣ್ಣ ರಬ್ಬರ್ ತುಂಡೊಂದು ಇಲ್ಲದ್ದಕ್ಕೆ ಜೊತೆ ಜೊತೆ ಶಾಕ್ಸ್ ಹಾಳಾಗಿರುವುದನ್ನು ನೋಡಿದ್ದೇನೆ.

ಮೂರನೆಯದು ಸದ್ದು, ಇದರಲ್ಲೇ ಜನ ಹೆಚ್ಚು ಮೋಸಹೋಗುವುದು. ಹಂಪ್ ಇಳಿಯುವಾಗ ಒಂದೇ ಸಲ "ಠಣ್" ಎಂದರೆ ಒಂದು ಕಾರಣ (ಅದು ಮುಂದೆ ಟೇಪಿನ ಕಥೆಯಲ್ಲಿ ಬರುತ್ತದೆ), ಸಣ್ಣ ಜಲ್ಲಿಯ ಮೇಲೆ "ಟಕಟಕ" ಎಂದರೆ ಇನ್ನೊಂದು, ಕ್ಲಚ್ ಬಿಡುವಾಗ "ದಡ್" ಎಂದರೆ ಮತ್ತೊಂದು. ಸಣ್ಣ ಜಲ್ಲಿಯ ಟಕಟಕ ಬಹುಪಾಲು ಬುಶ್ಶಿನದು. ಸಬ್ಬಲಿನಿಂದ ಶಾಕ್‌ನ ಕಣ್ಣನ್ನು ಮೀಟಿ ನೋಡಿ, ಆಡಿದರೆ ಬುಶ್ ಬದಲಿಸಿದರೆ ಮುಗಿಯಿತು. ಶಾಕ್ ಬುಶ್ ಗಟ್ಟಿ ಇದ್ದರೆ ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್‌ನ ಬುಶ್ ಮೀಟಿ, ಮುಂದೆ ಸ್ಟೆಬಿಲೈಸರ್ ಲಿಂಕ್ ಅಲುಗಿಸಿ, ಬಾಲ್ ಜಾಯಿಂಟ್ ನೋಡಿ.

ಕ್ಲಚ್ ಬಿಡುವಾಗ ಬರುವ "ದಡ್"ಗೆ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್, ಪಟ್ಟಿಗಳ ನಡುವೆ ಹಾದುಹೋಗುವ ಸೆಂಟರ್ ಬೋಲ್ಟ್, ಚಕ್ರಗಳಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮೂರನ್ನೂ ನೋಡಬೇಕು. ಸೆಂಟರ್ ಬೋಲ್ಟ್ ತುಂಡಾಗಿದೆಯೇ ಎಂದು ತಿಳಿಯಲು ಅಳತೆ ಟೇಪೊಂದು ಸಾಕು. ಪಟ್ಟಿಯ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲ್ ನಡುವಿಗೆ ಎಡಕ್ಕೂ ಬಲಕ್ಕೂ ಅಳೆಯಿರಿ. ಹತ್ತು ಮಿ.ಮೀ. ವ್ಯತ್ಯಾಸ ಕಂಡರೆ ಆಕ್ಸಲ್ ಜಾರಿದೆ. ಅಂಥ ಗಾಡಿ ಹೆದ್ದಾರಿಯಲ್ಲಿ ಏಡಿಯಂತೆ ಓರೆಯಾಗಿ ಓಡುತ್ತದೆ, ಹಿಂದೆ ಬರುವವರಿಗೆ ಚೆನ್ನಾಗಿ ಕಾಣುತ್ತದೆ. ಅದನ್ನು ಸರಿಮಾಡದೆ ಲೋಡ್ ಹಾಕಬೇಡಿ.

ಫೋರ್ ವೀಲ್ ಗಾಡಿಗೆ ಮಾತ್ರ ಇರುವ ಒಂದು ಭ್ರಮೆ

ನಮ್ಮ ಕಡೆಯ ಪಿಕಪ್ಪುಗಳಲ್ಲಿ ಇರುವುದು ಬಹುತೇಕ ಪಾರ್ಟ್ ಟೈಮ್ ಫೋರ್ ವೀಲ್, ಅಂದರೆ ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವುದು. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ಲಿವರನ್ನು ಫೋರ್ ಹೈಗೆ (ನಾಲ್ಕೂ ಚಕ್ರದ ಎಳೆತಕ್ಕೆ) ಹಾಕಿದರೆ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕಾಗುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಆ ಲೆಕ್ಕ ತಾನೇ ತೀರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರಲು ಆಸ್ಪದವಿಲ್ಲ, ಆಗ ಶಾಫ್ಟು, ಗೇರುಗಳಲ್ಲಿ ತಿರುಚು ಕೂಡಿಕೊಳ್ಳುತ್ತದೆ. ಗಾಡಿ ತಿರುವಿನಲ್ಲಿ ಜಗ್ಗುತ್ತದೆ, ಟೈರು ಕುಪ್ಪಳಿಸುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ.

ಹೊಲದಿಂದ ಹೊರಬಂದವರು ಲಿವರ್ ಹಿಂದಕ್ಕೆ ಹಾಕುವುದನ್ನು ಮರೆತು ರಾಷ್ಟ್ರೀಯ ಹೆದ್ದಾರಿ 75ಕ್ಕೆ ಹತ್ತಿ, "ಶಾಕ್ಸ್ ಕುಣೀತಿದೆ" ಎಂದು ಬಂದದ್ದುಂಟು. ಒಂದೇ ಆಕ್ಸಲ್‌ಗೆ ಹೊಸ ಟೈರು ಹಾಕಿಸಿ ಮುಂದೆ ಹಿಂದೆ ಸುತ್ತಳತೆ ಬೇರೆಯಾದರೂ ಫೋರ್ ವೀಲಿನಲ್ಲಿ ಇದೇ ಕಾಟ. ಟೂ ವೀಲಿಗೆ ಹಾಕಿ, ನೇರ ರಸ್ತೆಯಲ್ಲಿ ಸ್ವಲ್ಪ ಹಿಂದಕ್ಕೂ ಮುಂದಕ್ಕೂ ಓಡಿಸಿ ತಿರುಚು ಬಿಡಿಸಿ. ಕುಣಿತ ನಿಂತರೆ ಶಾಕ್‌ನ ತಂಟೆಗೆ ಹೋಗುವ ಅಗತ್ಯವೇ ಇಲ್ಲ.

ಎಣ್ಣೆ, ಬಿಸಿ, ಟೈರು

ಶಾಕ್‌ನ ಮೇಲ್ತುದಿಯಲ್ಲಿ ತೆಳ್ಳಗೆ ಧೂಳು ಕಚ್ಚಿದ ಜಿಡ್ಡು ಇದ್ದರೆ ಗಾಬರಿ ಬೇಡ. ರಾಡು ಸೀಲಿನ ಮೂಲಕ ಹೋಗಿಬರುವಾಗ ಒಂದಿಷ್ಟು ಎಣ್ಣೆಯ ಪೊರೆ ಹೊರಗೆ ಬರಲೇಬೇಕು, ಸೀಲಿಗೆ ಅದೇ ಕೀಲೆಣ್ಣೆ. ಎಣ್ಣೆ ಕೆಳಗಿನ ಕಣ್ಣಿನವರೆಗೂ ಇಳಿದು ತೊಟ್ಟಿಕ್ಕುತ್ತಿದ್ದರೆ ಮಾತ್ರ ಸೀಲ್ ಹೋಗಿದೆ. ಒರೆಸಿ, ಒಂದು ವಾರ ಓಡಿಸಿ, ಮತ್ತೆ ನೋಡಿ ತೀರ್ಮಾನಿಸಿ. ಎಣ್ಣೆಯನ್ನು ಬೆರಳಿಗೆ ತಗೊಂಡು ಮೂಸುವುದೂ ಒಳ್ಳೆಯದು. ಗಂಧಕದ ಘಾಟು ಬಂದರೆ ಅದು ಡಿಫರೆನ್ಷಿಯಲ್‌ನ ಗೇರ್ ಎಣ್ಣೆ, ಆಕ್ಸಲ್ ಸೀಲ್ ಸೋರಿ ಶಾಕ್‌ನ ಮೇಲೆ ಹಾರಿರುತ್ತದೆ. ಬ್ರೇಕ್ ಎಣ್ಣೆಯಾಗಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ನನಗೆ ಬಹಳ ನೆಚ್ಚಿಕೆಯ ಪರೀಕ್ಷೆ ಬಿಸಿಯದು. ಐದಾರು ಕಿ.ಮೀ. ಕಲ್ಲುಹಾದಿಯಲ್ಲಿ ಓಡಿಸಿ ಬಂದ ಕೂಡಲೇ ಎರಡೂ ಹಿಂದಿನ ಶಾಕ್‌ಗಳ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಇಲ್ಲವೇ ಗನ್ ಥರ್ಮಾಮೀಟರಿನಲ್ಲಿ ನೋಡಿ. ದುಡಿದ ಶಾಕ್ ಬಿಸಿಯಾಗಿರುತ್ತದೆ. ತಣ್ಣಗಿರುವುದು ದುಡಿಯುತ್ತಿಲ್ಲ, ಅದರ ಪಾಲನ್ನೂ ಇನ್ನೊಂದು ಹೊತ್ತು ಬೇಯುತ್ತಿರುತ್ತದೆ. ಸೈಲೆನ್ಸರ್ ಯಾವ ಕಡೆ ಹಾದುಹೋಗಿದೆ ಎಂಬುದನ್ನು ಮಾತ್ರ ನೆನಪಿಡಿ, ಆ ಕಡೆಯದು ಸುಮ್ಮನಿದ್ದರೂ ಬೆಚ್ಚಗಿರುತ್ತದೆ.

ಟೈರಿನ ಮೇಲೆ ಅಂಗೈ ಸವರಿ. ಸುತ್ತ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಸಿಕ್ಕರೆ ಚಕ್ರ ನೆಲವನ್ನು ಬಿಟ್ಟು ಬಿಟ್ಟು ಓಡಿದೆ. ಶಾಕ್, ಬೇರಿಂಗ್, ಬ್ಯಾಲೆನ್ಸ್ ಮೂರರಲ್ಲಿ ಒಂದು ತಪ್ಪಿದೆ. ಒಂದೇ ಅಂಚು ಸವೆದಿದ್ದರೆ ಅದು ಅಲೈನ್‌ಮೆಂಟ್.

ಇಷ್ಟಾದ ಮೇಲೂ ಅನುಮಾನವಿದ್ದರೆ ಶಾಕನ್ನು ಬಿಚ್ಚಿ, ಗಾಡಿಯಲ್ಲಿದ್ದಂತೆ ನೆಟ್ಟಗೆ ಹಿಡಿದು, ಪೂರ್ತಿ ಒತ್ತಿ ಪೂರ್ತಿ ಎಳೆದು ನಾಲ್ಕೈದು ಸಲ ಮಾಡಿ. ಮೊದಲಿಂದ ಕೊನೆವರೆಗೂ ಜೇನಿನಲ್ಲಿ ಚಮಚ ಎಳೆದಂತೆ ಒಂದೇ ಸಮನಾದ ತಡೆ ಇರಬೇಕು. ನಡುವೆ ಎಲ್ಲೋ ಸಡಿಲವಾಗಿ ಜಾರಿದರೆ ಎಣ್ಣೆ ಕಮ್ಮಿಯಾಗಿದೆ, ಗಾಳಿ ಸೇರಿದೆ. ಗ್ಯಾಸ್ ಶಾಕ್ ಆಗಿದ್ದರೆ ಒತ್ತಿ ಬಿಟ್ಟಾಗ ತಾನೇ ನಿಧಾನ ಮೇಲೇಳಬೇಕು, ಏಳದಿದ್ದರೆ ಗ್ಯಾಸ್ ಹೋಗಿದೆ. ಬರಿ ಎಣ್ಣೆಯದು ಏಳುವುದಿಲ್ಲ, ಅದು ಅದರ ಗುಣ.

ಹಳೆಯ ಶಾಕಿಗೆ ತೂತು ಕೊರೆದು ಎಣ್ಣೆ ತುಂಬಿಸಿ, ನಟ್ ಬೆಸುಗೆ ಹಾಕಿ ಕೊಡುವವರಿದ್ದಾರೆ. ಬೇಡ ಎಂದೇ ಹೇಳುತ್ತೇನೆ. ಒಳಗಿನ ಎಣ್ಣೆಯ ದಪ್ಪಕ್ಕೆ ತಕ್ಕಂತೆ ವಾಲ್ವ್ ಮಾಡಿರುತ್ತಾರೆ, ಕೈಗೆ ಸಿಕ್ಕ ಎಣ್ಣೆ ಹಾಕಿದರೆ ಚಳಿಗಾಲದ ಬೆಳಿಗ್ಗೆ ಕಲ್ಲು, ಮಧ್ಯಾಹ್ನ ನೀರು. ಗ್ಯಾಸ್ ಶಾಕಿಗೆ ಡ್ರಿಲ್ಲು, ಬೆಂಕಿ ಹಿಡಿಯುವುದಂತೂ ಜೀವಕ್ಕೇ ಅಪಾಯ.

ಟೇಪು ಹೇಳಿದ ಕಥೆ

ಈಗ ಆ ಮೂರು ಜೊತೆ ತಿಂದ ಗಾಡಿಗೆ ಬರುತ್ತೇನೆ. ಅವರ ದೂರಿನಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತ್ತು. ಠಣ್ ಎನ್ನುವ ಸದ್ದು ಬರುವುದು ಹಂಪ್ ಹತ್ತುವಾಗಲ್ಲ, ಇಳಿಯುವಾಗ. ಅದೂ ಖಾಲಿ ಗಾಡಿಯಲ್ಲಿ. ಅಂದರೆ ಚಕ್ರ ಕೆಳಗೆ ಜೋತಾಡಿದಾಗ ಏನೋ ತಡೆಯುತ್ತಿದೆ. ಪಟ್ಟಿ ಎಣಿಸಿದರೆ ಕಂಪನಿಯ ಲೆಕ್ಕಕ್ಕಿಂತ ಒಂದು ಜಾಸ್ತಿ ಇತ್ತು. ಎರಡು ವರ್ಷದ ಕೆಳಗೆ ಲೋಡಿಗೆಂದು ಒಂದು ಪಟ್ಟಿ ಸೇರಿಸಿ, ಉಳಿದವಕ್ಕೂ ಬಾಗು ಕೊಡಿಸಿದ್ದರಂತೆ. ಹಿಂಬದಿ 50 ಮಿ.ಮೀ. ಮೇಲೆದ್ದಿತ್ತು. ಶಾಕ್ಸ್ ಮಾತ್ರ ಪ್ರತಿ ಸಲವೂ ಮೂಲ ಉದ್ದದವೇ.

ಅಳೆದದ್ದು ಹೀಗೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಇಟ್ಟು, ಹಿಂದಿನ ಶಾಕ್‌ಗಳನ್ನು ಬಿಚ್ಚಿ ಆಕ್ಸಲನ್ನು ಪೂರ್ತಿ ಜೋಲುಬಿಟ್ಟೆವು. ಬ್ರೇಕ್ ಹೋಸ್ ಬಿಗಿಯುವುದಿಲ್ಲ ಎಂದು ಮೊದಲೇ ನೋಡಿಕೊಂಡಿದ್ದೆವು. ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ 590 ಮಿ.ಮೀ. ಬಿಚ್ಚಿದ ಶಾಕನ್ನು ಪೂರ್ತಿ ಎಳೆದರೆ 560. ಕಾರಣ ಅಲ್ಲೇ ಸಿಕ್ಕಿತು. ಚಕ್ರ ಇಳಿದಾಗಲೆಲ್ಲ ಆಕ್ಸಲ್, ಚಕ್ರ, ಬ್ರೇಕ್ ಡ್ರಮ್ಮು ಇಷ್ಟೂ ಭಾರ ಶಾಕ್‌ನ ರಾಡಿಗೆ ಜೋತುಬೀಳುತ್ತಿತ್ತು. ಪಟ್ಟಿ ಕೆಳಗೆ ದಬ್ಬುತ್ತಿತ್ತು, ಶಾಕ್ ಹಗ್ಗದಂತೆ ಬಿಗಿದು ನಿಲ್ಲಿಸುತ್ತಿತ್ತು. ಸೀಲ್ ಒಡೆಯದೆ, ಬುಶ್ ಹರಿಯದೆ ಇನ್ನೇನಾಗಬೇಕು? ಅವರು ಕೇಳಿದಂತೆ ಇನ್ನೂ ಗಟ್ಟಿಯದನ್ನು ಅದೇ ಉದ್ದದಲ್ಲಿ ಹಾಕಿದ್ದರೆ ಚಾಸಿಯ ಬ್ರಾಕೆಟ್ಟೇ ಕಿತ್ತುಬರುತ್ತಿತ್ತು.

ಮೇಲಿನ ಕಡೆಯ ಲೆಕ್ಕವೂ ಬೇಕು. ನಿಂತ ಗಾಡಿಯಲ್ಲಿ ಬೋಲ್ಟಿನಿಂದ ಬೋಲ್ಟಿಗೆ 470. ಆಕ್ಸಲ್‌ಗೂ ಬಂಪ್ ಸ್ಟಾಪಿಗೂ ನಡುವೆ 70 ಮಿ.ಮೀ. ಜಾಗ. ರಬ್ಬರ್ 15 ಮಿ.ಮೀ. ಅಮುಕುತ್ತದೆ ಎಂದು ಹಿಡಿದರೆ ಶಾಕಿಗೆ ಉಳಿಯುವ ಅತಿ ಕಡಿಮೆ ಜಾಗ 385. ಹಾಗಾದರೆ ಕೊಳ್ಳಬೇಕಾದ ಶಾಕ್‌ನ ಎಳೆದ ಉದ್ದ 590ಕ್ಕಿಂತ ಹೆಚ್ಚು, ಒತ್ತಿದ ಉದ್ದ 385ಕ್ಕಿಂತ ಕಡಿಮೆ ಇರಬೇಕು, ಎರಡೂ ಕಡೆ ಒಂದಿಷ್ಟು ಸಡಿಲ ಬಿಟ್ಟು. ನಮಗೆ ಸಿಕ್ಕಿದ್ದು ಎಳೆದರೆ 605, ಒತ್ತಿದರೆ 362. ಸರಿಹೋಯಿತು. ಬರಿ ಉದ್ದ ಎಂದು 640ರದ್ದನ್ನು ತಂದಿದ್ದರೆ ಅದರ ಒತ್ತಿದ ಉದ್ದ ಸುಮಾರು 380ಕ್ಕೆ ಬರುತ್ತಿತ್ತು, ಲೋಡಿನಲ್ಲಿ ತಳ ಬಡಿಯಲು ಐದೇ ಮಿ.ಮೀ. ದೂರ.

ಈ ಸಂಖ್ಯೆಗಳು ಆ ಒಂದು ಗಾಡಿಯವು. ನಿಮ್ಮದನ್ನು ನೀವೇ ಅಳೆಯಬೇಕು, ಅದೇ ಮಾಡೆಲ್ಲಿನ ಪಕ್ಕದ ಮನೆಯ ಗಾಡಿಯ ಲೆಕ್ಕವೂ ನಡೆಯುವುದಿಲ್ಲ.

ಇನ್ನೊಂದು ಸಂಗತಿ ಅದೇ ಗಾಡಿಯಲ್ಲಿ ಸಿಕ್ಕಿತು, ಶಾಕಿಗಿಂತ ಅದೇ ನನ್ನನ್ನು ಹೆಚ್ಚು ಕಾಡಿತು. ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಭಾರ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವಿನದು, ಎಲ್‌ಎಸ್‌ಪಿವಿ ಎನ್ನುತ್ತಾರೆ. ಗಾಡಿ ತಗ್ಗಿದರೆ ಲೋಡ್ ಇದೆ ಎಂದು ತಿಳಿದು ಹಿಂದಕ್ಕೆ ಹೆಚ್ಚು ಬ್ರೇಕ್ ಕೊಡುತ್ತದೆ. ಪಟ್ಟಿ ಸೇರಿಸಿ ಗಾಡಿ ಎತ್ತಿದರೆ, ಲೋಡ್ ಹೇರಿದಾಗಲೂ ಖಾಲಿ ಇದೆ ಎಂದೇ ಅದು ತಿಳಿಯುತ್ತದೆ. 60 ಬಾಕ್ಸು ಹೊತ್ತು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಅರೆಬರೆ ಹಿಡಿದರೆ ಏನಾಗಬಹುದೆಂದು ಯೋಚಿಸಿ. ಪಟ್ಟಿಯ ಕೆಲಸ ಮಾಡಿಸಿದವರೆಲ್ಲ ಆ ಕಡ್ಡಿಯನ್ನು ಕೈಪಿಡಿಯ ಅಳತೆಗೆ ಹೊಂದಿಸಿಕೊಳ್ಳಿ, ದಯವಿಟ್ಟು.

ಯಾವುದನ್ನು ಕೊಳ್ಳಬೇಕು

ಅಳತೆ ಕೈಯಲ್ಲಿದ್ದ ಮೇಲೆ ಬಗೆಯ ಮಾತು. ಟ್ವಿನ್‌ಟ್ಯೂಬ್ ಎಂದರೆ ಕೊಳವೆಯೊಳಗೆ ಕೊಳವೆ. ಹೊರಗಿನದು ಕಲ್ಲು ತಾಗಿ ಸ್ವಲ್ಪ ತಗ್ಗಾದರೂ ಒಳಗಿನ ಪಿಸ್ಟನ್ ಓಡುತ್ತಲೇ ಇರುತ್ತದೆ. ಆದರೆ ಎಣ್ಣೆ, ಗಾಳಿ ಒಂದೇ ಕಡೆ ಇರುವುದರಿಂದ ಉದ್ದ ಕಲ್ಲುಹಾದಿಯಲ್ಲಿ ಕಡೆದಂತಾಗಿ ನೊರೆ ಏಳುತ್ತದೆ. ನೊರೆ ವಾಲ್ವಿನಲ್ಲಿ ನುಗ್ಗಿದರೆ ತಡೆ ಇಲ್ಲ. ಕಡಿಮೆ ಒತ್ತಡದ ಗ್ಯಾಸ್ ತುಂಬಿದ ಟ್ವಿನ್‌ಟ್ಯೂಬಿನಲ್ಲಿ ನೊರೆ ಬೇಗ ಏಳುವುದಿಲ್ಲ. ಮೊನೊಟ್ಯೂಬಿನಲ್ಲಿ ಒಂದೇ ಕೊಳವೆ, ತೇಲುವ ಇನ್ನೊಂದು ಪಿಸ್ಟನ್ ಎಣ್ಣೆಯನ್ನೂ ನೈಟ್ರೋಜನ್ನನ್ನೂ ಬೇರೆಯಾಗಿ ಇಡುತ್ತದೆ. ನೊರೆಯ ಮಾತೇ ಇಲ್ಲ, ಶಾಖವೂ ನೇರ ಹೊರಗಿನ ಗಾಳಿಗೆ ಹೋಗುತ್ತದೆ. ಆದರೆ ಆ ಕೊಳವೆಗೆ ಒಂದು ಕಲ್ಲಿನ ಪೆಟ್ಟು ಬಿದ್ದು ತಗ್ಗಾದರೆ ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ.

ನಮ್ಮ ಜಿಲ್ಲೆಯ ಹಾದಿಗಳನ್ನು ನೆನೆದರೆ ಈ ಕೊನೆಯ ಮಾತು ಸಣ್ಣದಲ್ಲ. ಕ್ವಾರಿಯ ಹಾದಿ, ಬಂಡೆ ಸೀಳಿದ ಚೂರುಗಳು, ಹೊಲದ ಬದುವಿನ ಕಲ್ಲು. 2018ರಿಂದ ಕೆ.ಸಿ. ವ್ಯಾಲಿಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದು ಕೆರೆಗಳು ತುಂಬತೊಡಗಿದ ಮೇಲೆ, ಒಣ ಕೆರೆಯಂಗಳದಲ್ಲಿ ಮೆತ್ತಗೆ ಹಾದುಹೋಗುತ್ತಿದ್ದ ಎಷ್ಟೋ ಗಾಡಿಗಳು ಈಗ ಕಲ್ಲಿನ ಬಳಸುದಾರಿ ಹಿಡಿದಿವೆ. ನೀರು ಬಂದದ್ದು ಸಂತೋಷವೇ, ಹಾದಿಯ ಲೆಕ್ಕ ಮಾತ್ರ ಬದಲಾಯಿತು. ಹಿಂದಿನ ಆಕ್ಸಲ್‌ನ ಶಾಕ್‌ಗಳು ಕೆಳಗೆ ಜೋತು ಚಕ್ರ ಎಸೆಯುವ ಕಲ್ಲಿಗೆ ಎದೆಯೊಡ್ಡಿರುತ್ತವೆ. ಮೊನೊಟ್ಯೂಬನ್ನು ತಲೆಕೆಳಗಾಗಿಯೂ ಕೂರಿಸಬಹುದು, ಹಾಗೆ ಮಾಡಿದ ಮಾದರಿಗಳಲ್ಲಿ ಕೊಳವೆ ಮೇಲಿರುತ್ತದೆ. ಆಗ ರಾಡಿಗೆ ಕವಚ ಬೇಕು. ಟ್ವಿನ್‌ಟ್ಯೂಬನ್ನು ಎಂದಿಗೂ ತಲೆಕೆಳಗೆ ಹಾಕಬೇಡಿ, ಎಣ್ಣೆಯ ಬದಲು ಗಾಳಿ ಹೀರುತ್ತದೆ.

ನನ್ನ ತೀರ್ಮಾನ ಇದು. ಟೊಮೆಟೊ, ಮಾವು, ಮೇವು ಹೊರುವ ಗಾಡಿಗೆ ಗ್ಯಾಸ್ ಟ್ವಿನ್‌ಟ್ಯೂಬ್, ಅದೂ ಪಿಸ್ಟನ್ ದಪ್ಪ ಇರುವುದು. ಪಿಸ್ಟನ್ನಿನ ಅಡ್ಡಳತೆ 32ರಿಂದ 40 ಮಿ.ಮೀ.ಗೆ ಏರಿದರೆ ಅದರ ಮುಖದ ವಿಸ್ತಾರ ಒಂದೂವರೆ ಪಟ್ಟಿಗೂ ಹೆಚ್ಚು. ಅಷ್ಟೇ ಕೆಲಸವನ್ನು ಕಡಿಮೆ ಒತ್ತಡದಲ್ಲಿ, ಹೆಚ್ಚು ಎಣ್ಣೆಯೊಂದಿಗೆ ಮಾಡುತ್ತದೆ, ನಿಧಾನವಾಗಿ ಬಿಸಿಯಾಗುತ್ತದೆ. ದಿನಕ್ಕೆ ಗಂಟೆಗಟ್ಟಲೆ ಹೆದ್ದಾರಿಯಲ್ಲೇ ವೇಗವಾಗಿ ಓಡುವ ಗಾಡಿಗೆ, ಹೆಚ್ಚಾಗಿ ಖಾಲಿಯೇ ಇರುವುದಕ್ಕೆ ಮೊನೊಟ್ಯೂಬ್ ಚೆನ್ನ. ಹೊರಗೆ ಬೇರೆ ಡಬ್ಬಿ ಜೋಡಿಸಿದ ರಿಸರ್ವಾಯರ್ ಶಾಕ್ಸ್ ಮರುಭೂಮಿಯಲ್ಲಿ ಗಂಟೆಗಟ್ಟಲೆ ಹಾರಿಸುವವರಿಗೆ ಮಾಡಿದವು, ಇಲ್ಲಿ ಅದಕ್ಕೆ ಸುರಿಯುವ ದುಡ್ಡನ್ನು ಟೈರಿಗೆ ಹಾಕಿ.

ಎಷ್ಟು ಗಟ್ಟಿ? ಇಲ್ಲಿಯೇ ಆತುರ ಬೇಡ. ನಮ್ಮ ಗಾಡಿಗಳು ಹೋಗುವಾಗ ತುಂಬಿ, ಬರುವಾಗ ಖಾಲಿ. ಹಿಂದಿನ ಭಾರ ಇಮ್ಮಡಿಯಾದರೆ ಅದೇ ಶಾಕ್‌ನ ಹಿಡಿತ, ಬೇಕಾದ್ದಕ್ಕೆ ಹೋಲಿಸಿದರೆ, ಸುಮಾರು ನೂರಕ್ಕೆ ಎಪ್ಪತ್ತಕ್ಕೆ ಇಳಿಯುತ್ತದೆ. ತುಂಬಿದ ಗಾಡಿಗೆ ಸರಿಯಾಗಿ ಹೊಂದುವ ಶಾಕ್ ಖಾಲಿ ಗಾಡಿಗೆ ಅತಿಯಾಗಿ ಬಿಗಿ. ಬಿಗಿ ಅತಿಯಾದರೆ ಹಳ್ಳದ ಮೇಲಿನ ಚಕ್ರ ಬೇಗ ಕೆಳಗಿಳಿಯುವುದಿಲ್ಲ. ಸಾಲಾಗಿ ಹಳ್ಳ ಬಂದರೆ ಗಾಡಿ ಮೆಟ್ಟಿಲು ಮೆಟ್ಟಿಲಾಗಿ ತಗ್ಗುತ್ತಾ ಬಂಪ್ ಸ್ಟಾಪಿನ ಮೇಲೆ ಕೂರುತ್ತದೆ, ಮಳೆಯಲ್ಲಿ ತಿರುವಿನಲ್ಲಿ ಹಿಂಬದಿ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಅಂಗಡಿಯಲ್ಲಿ "ಪೂರ್ತಿ ಲೋಡಿಗೆ" ಎಂದು ಕೊಡುವುದನ್ನು ದಿನವಿಡೀ ಲೋಡಿನಲ್ಲೇ ಓಡುವವರು ಮಾತ್ರ ತೆಗೆದುಕೊಳ್ಳಿ, ಉಳಿದವರಿಗೆ ನಡು ಬಿಗಿಯದೇ ಸರಿ. ತಿರುಗಿಸಿ ಬಿಗಿ ಬದಲಿಸುವ ಗುಂಡಿ ಇರುವುದನ್ನು, ಮಂಡಿಗೆ ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಕೆಳಗೆ ತೂರಿ ತಿರುಗಿಸುವ ತಾಳ್ಮೆ ಇದ್ದವರು ಕೊಳ್ಳಿ.

ಮುಂದಿನ ಶಾಕ್‌ಗಳ ವಿಷಯದಲ್ಲಿ ಉದ್ದದ ಪ್ರಯೋಗ ಮಾಡಬೇಡಿ. ಸ್ಪ್ರಿಂಗಿನೊಳಗೇ ಶಾಕ್ ಇರುವ ವಿ-ಕ್ರಾಸ್, ಹೈಲಕ್ಸ್‌ನಂಥ ಗಾಡಿಗಳಲ್ಲಿ ಚಕ್ರ ಎಷ್ಟು ಕೆಳಗಿಳಿಯಬೇಕೆಂದು ನಿಲ್ಲಿಸುವುದರಲ್ಲಿ ಶಾಕ್‌ನ ಪಾಲೂ ಇರುತ್ತದೆ. ಉದ್ದ ಹಾಕಿದರೆ ಆಕ್ಸಲ್‌ನ ಸಿ.ವಿ. ಜಾಯಿಂಟ್ (ಬಾಗಿದರೂ ಚಕ್ರ ತಿರುಗಿಸುವ ಕೀಲು) ಮಿತಿ ಮೀರಿ ಬಾಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ. ಟಾರ್ಷನ್ ಬಾರಿನ ಬೋಲ್ಟ್ ತಿರುಗಿಸಿ ಮುಂಭಾಗ ಎತ್ತಿಸುವವರೂ ಇದನ್ನೇ ನೆನಪಿಡಬೇಕು, ಎತ್ತಿದಷ್ಟೂ ಕೆಳಗಿನ ಓಡಾಟದಿಂದ ಕಳೆದುಹೋಗುತ್ತದೆ.

ಕೂರಿಸುವಾಗ

ಶಾಕ್ಸನ್ನು ಎಡ ಬಲ ಜೊತೆಯಾಗಿಯೇ ಬದಲಿಸಿ. ಹೊಸ ಟ್ವಿನ್‌ಟ್ಯೂಬ್ ಅಂಗಡಿಯಲ್ಲಿ ಅಡ್ಡ ಮಲಗಿರುತ್ತದೆ, ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಆಡಿಸಿ ಆಮೇಲೆ ಹಾಕಿ, ಇಲ್ಲದಿದ್ದರೆ ಹೊಸದರಲ್ಲೇ ಟಕಟಕ ಎನ್ನುತ್ತದೆ. ರಾಡನ್ನು ಪ್ಲೈಯರಿನಲ್ಲಿ ಹಿಡಿಯಬೇಡಿ, ಒಂದು ಗೀರು ಸಾಕು ಸೀಲ್ ಹರಿಯಲು.

ಹಿಂದಿನ ಎರಡು ಶಾಕ್‌ಗಳಲ್ಲಿ ಒಂದು ಆಕ್ಸಲ್‌ನ ಮುಂದೆ, ಒಂದು ಹಿಂದೆ ವಾಲಿದ್ದರೆ ಅದನ್ನು ತಪ್ಪೆಂದು "ಸರಿಮಾಡಬೇಡಿ". ಎಳೆತಕ್ಕೆ ಆಕ್ಸಲ್ ತಿರುಚಿ ಕುಪ್ಪಳಿಸದಿರಲಿ ಎಂದೇ ಕಂಪನಿಯವರು ಹಾಗೆ ಇಟ್ಟಿರುವುದು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ಕಣ್ಣಿನ ಬುಶ್ಶಿನ ಬೋಲ್ಟುಗಳನ್ನು ಚಕ್ರ ಜೋತಿರುವಾಗ ಪೂರ್ತಿ ಬಿಗಿಯಬೇಡಿ. ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಕಚ್ಚಿಕೊಂಡು, ಗಾಡಿ ಇಳಿಸಿದ ಮೇಲೆ ಸದಾ ಎಳೆದುಕೊಂಡಿರುತ್ತದೆ, ಬೇಗ ಹರಿಯುತ್ತದೆ. ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ಕೈಪಿಡಿಯ ಟಾರ್ಕ್‌ಗೆ ಬಿಗಿಯಿರಿ. ಮುಂದಿನ ಸ್ಪ್ರಿಂಗ್ ಶಾಕ್‌ನ ನಡು ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮುಟ್ಟಲೇಬೇಡಿ. ಅಮುಕಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಮುಖ ಉಳಿಯುವುದಿಲ್ಲ. ಮುಂದೆ ಕೈಯಾಡಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. 500 ಕಿ.ಮೀ. ಓಡಿದ ಮೇಲೆ ಶಾಕ್ ಬೋಲ್ಟು, ಯು-ಬೋಲ್ಟು ಮತ್ತೊಮ್ಮೆ ಬಿಗಿ ನೋಡಿ.

ಆ ರೈತರ ಗಾಡಿಗೆ 605ರ ಜೊತೆ ಹಾಕಿ, ಎಲ್‌ಎಸ್‌ಪಿವಿ ಕಡ್ಡಿ ಹೊಂದಿಸಿ, ಉದುರಿದ್ದ ಒಂದು ಬಂಪ್ ಸ್ಟಾಪ್ ಕೂರಿಸಿ ಕಳಿಸಿದೆವು. ಮುಂದಿನ ಸೀಸನ್ನಿನ ನಡುವೆ ಎಣ್ಣೆ ಬದಲಿಸಲು ಬಂದಾಗ ಕೆಳಗೆ ತೂರಿ ನೋಡಿದೆ. ಶಾಕ್‌ಗಳ ಮೇಲೆ ಒಣ ಕೆಂಪು ಧೂಳು, ಎರಡೂ ಒಂದೇ ಸಮ ಬೆಚ್ಚಗೆ. "ಕೆಳಗಿನ ಸಾಲಿನ ಬಾಕ್ಸಿನಲ್ಲಿ ಈಗ ರಸ ಇಳಿಯುತ್ತಿಲ್ಲ" ಅಂದರು.